ಬೆಟ್ಟದ ತೆಂಕಣ ಮಗ್ಗುಲು

ನವರಾತ್ರಿಯ ಸಂಭ್ರಮವಡಗಿ, ಆಶ್ವಯುಜದ ಹುಣ್ಣಿಮೆಯ ವೇಳೆಗೆ ದೇವಿಯ ತೇರೂ ನಡೆದು ಮುಗಿದ ತರುವಾಯ, ಹಿಂಗಾರು ಮಳೆಯು ಒಂದೆರಡು ದಿನ ಬಿಡುವು ಕೊಟ್ಟಾಗ, ಚಾಮುಂಡಿ ಬೆಟ್ಟವನ್ನು ಮೆಟ್ಟಿಲ ದಾರಿಯಲ್ಲಿ ಹತ್ತುವ ಅಭ್ಯಾಸವನ್ನು ನಾನು ಬಹುಕಾಲದಿಂದ ಉಳಿಸಿಕೊಂಡು ಬಂದಿರುವೆನು. ಬೇಸಿಗೆಯಲ್ಲಿ ಹತ್ತಿದರೆ ಕಣ್ಣಿಗೆ ದೊರೆಯುವುದು ಧೂಳಿನ ಮಸಕು; ಆಷಾಢದಲ್ಲಿ ಜನಸಂದಣಿ, ಶ್ರಾವಣದಲ್ಲಿ ಮೋಡ. ಮುಂಗಾರು ಗಗನವನ್ನು ತೊಳೆದಿಟ್ಟು, ಮಾಗಿಯ ಮಂಜು ಇನ್ನೂ ದಟ್ಟವಾಗಿ ಕವಿಯದಿರುವ ಶರತ್ಕಾಲದ ಈ ಕೆಲವು ವಾರಗಳಲ್ಲಿ ಮಾತ್ರ ದಿಗಂತವು ತನ್ನ ನಿಜವಾದ ಸ್ಥಾನದಲ್ಲಿ ಕಾಣಿಸಿಕೊಳ್ಳುತ್ತದೆ.

ಹದಿನೇಳನೆಯ ಶತಮಾನದಲ್ಲಿ, 1659ರಿಂದ 1673ರವರೆಗೆ ಆಳಿದ ದೊಡ್ಡ ದೇವರಾಜ ಒಡೆಯರು ಕಟ್ಟಿಸಿದ ಈ ಸಾವಿರ ಮೆಟ್ಟಿಲುಗಳಲ್ಲಿ ನಡೆಯುವ ಕ್ರಮವನ್ನು ನನಗೆ ಕಲಿಸಿದವರು ಹರಕೆ ಹೊತ್ತ ಹೆಂಗಸರು. ಮೆಟ್ಟಿಲು ಮೆಟ್ಟಿಲಿಗೂ ಬಾಗಿ, ಅರಿಸಿನ ಕುಂಕುಮವಿಟ್ಟು, ಮತ್ತೆ ನೆಟ್ಟಗಾಗಿ ಮುಂದಿನದಕ್ಕೆ ಕಾಲಿಡುವ ಅವರು, ಬಿರುಸಿನಿಂದ ಏರಿಬಂದ ತರುಣರು ಕಟ್ಟೆಯ ಮೇಲೆ ಕುಳಿತು ಏದುಸಿರು ಬಿಡುತ್ತಿರುವಾಗ, ಯಾವ ಆಯಾಸವೂ ಇಲ್ಲದವರಂತೆ ಅವರನ್ನು ದಾಟಿ ಹೋಗುವುದನ್ನು ನೋಡಿರುವೆನು. ಅರ್ಧಕ್ಕೂ ಮಿಗಿಲಾದ ದಾರಿ ಸವೆದ ಮೇಲೆ ಎದುರಾಗುವ ಏಕಶಿಲೆಯ ನಂದಿಯು, ಸುಮಾರು 25 ಅಡಿ ಉದ್ದದ ಆ ಭವ್ಯ ಮೂರ್ತಿಯು, ಎಲ್ಲರನ್ನೂ ತಾನಾಗಿಯೇ ನಿಲ್ಲಿಸುತ್ತದೆ.

3489 ಅಡಿ ಎತ್ತರದ ಈ ಬೆಟ್ಟಕ್ಕೆ ಬರುವವರಲ್ಲಿ ಬಹುಮಂದಿ ನಗರವನ್ನು ನೋಡಿ ತೃಪ್ತರಾಗುತ್ತಾರೆ. ಅರಮನೆ, ಲಲಿತಮಹಲು, ಕಾರಂಜಿಕೆರೆ, ಕುಕ್ಕರಹಳ್ಳಿ ಕೆರೆ ಇವನ್ನು ಬೆರಳಿಟ್ಟು ಗುರುತಿಸುವುದೂ ಒಂದು ಸುಖವೇ. ಅದನ್ನು ನಾನು ಹಳಿಯುವವನಲ್ಲ. ಆದರೆ ಶರತ್ತಿನ ಐಶ್ವರ್ಯವಿರುವುದು ಉತ್ತನಹಳ್ಳಿಯತ್ತ ಮೋರೆ ಮಾಡಿದ ದಕ್ಷಿಣದ ಮಗ್ಗುಲಲ್ಲಿ. ಅಲ್ಲಿ ಬಂಡೆಯೊಂದರ ಮೇಲೆ ಕುಳಿತು, ಕೆಳಗೆ ಹರಡಿದ್ದ ಹಸಿರಿನ ನಡುನಡುವೆ ಮೂಡಿದ್ದ ಹಳದಿ ಗೆರೆಗಳನ್ನು ಕೇವಲ ಸೌಂದರ್ಯವೆಂದು ನೋಡುತ್ತಿದ್ದ ನನಗೆ, ಪಕ್ಕದಲ್ಲಿ ಬೀಡಿ ಹಚ್ಚಿ ಕುಳಿತಿದ್ದ ವೃದ್ಧ ರೈತನೊಬ್ಬನು ಹೇಳಿದನು: “ಅದು ಹುಚ್ಚೆಳ್ಳು ಸ್ವಾಮಿ, ರಾಗಿ ಹೊಲದ ಅಕ್ಕಡಿ ಸಾಲು. ಅದರ ಜತೆಗೆ ಅವರೆನೂ ಇರ್ತದೆ, ಇಲ್ಲಿಂದ ಕಾಣಾಕಿಲ್ಲ. ಆಚೆ ಒತ್ತಾಗಿ ಹಸುರದಲ್ಲ, ಅದು ನಾಲೆ ನೀರಿನ ಬತ್ತ.”

ಆತನ ವಿವರಣೆ ಅಷ್ಟಕ್ಕೇ ನಿಲ್ಲಲಿಲ್ಲ. ಮಳೆ ಕೈಕೊಟ್ಟು ರಾಗಿಯ ತೆನೆ ಜೊಳ್ಳಾದರೂ ತಡವಾಗಿ ಕಾಯಿ ಕಟ್ಟುವ ಅವರೆಯು ಮನೆಯನ್ನು ಕಾಯುವುದೆಂದೂ, ಹುಚ್ಚೆಳ್ಳಿನ ಹೂವಿಗೆ ಜೇನು ಮುತ್ತುವುದೆಂದೂ, ಗಾಣಕ್ಕೆ ಕೊಟ್ಟರೆ ಅಡುಗೆಗೆ ಎಣ್ಣೆಯೂ ದನಕ್ಕೆ ಹಿಂಡಿಯೂ ದೊರೆಯುವುದೆಂದೂ ಆತನು ಒಂದೊಂದಾಗಿ ತಿಳಿಸುತ್ತ ಹೋದಂತೆ, ನಾನು ಚಿತ್ರವೆಂದು ಭಾವಿಸಿದ್ದುದು ಒಂದು ಸಂಸಾರದ ವರ್ಷದ ಲೆಕ್ಕಾಚಾರವಾಗಿ ಪರಿಣಮಿಸಿತು. ಚೆಲುವು ಅದರಿಂದ ಕುಂದಲಿಲ್ಲ. ಅಂದಿನಿಂದ ನನಗೆ ಪಯಿರಿನ ಹೆಸರು ಕೇಳದೆ ಹೊಲ ನೋಡುವುದು ಅರೆನೋಟವೆಂದೇ ತೋರುತ್ತಿದೆ. ನಿಸರ್ಗವರ್ಣನೆಯಲ್ಲಿ ನಿಪುಣರಾದ ನಮ್ಮ ಲೇಖಕರು (ಅವರಲ್ಲಿ ನಾನೂ ಒಬ್ಬನು) ಹಸುರು ಎಂಬ ಒಂದೇ ಮಾತಿನಲ್ಲಿ ಎಷ್ಟು ಬೆಳೆಗಳನ್ನು ಮುಳುಗಿಸಿಬಿಡುತ್ತೇವೆ!

ಹೋಗಬಯಸುವವರಿಗೆ ಎರಡು ಮಾತು. ಸೂರ್ಯೋದಯವನ್ನೇ ಗುರಿಯಾಗಿಟ್ಟುಕೊಂಡು ಧಾವಿಸಬೇಡಿರಿ. ಬೆಳಗಿನ ಮಂಜು ಕರಗಿದ ಮೇಲೆಯೇ ಬಯಲು ತೆರೆದುಕೊಳ್ಳುವುದು, ಅದೃಷ್ಟವಿದ್ದರೆ ದೂರದಲ್ಲಿ ನೀಲಗಿರಿಯ ಸಾಲೂ ತೋರುವುದು. ಕಾರ್ತಿಕ ಕಳೆಯುವುದರೊಳಗಾಗಿ ಹೊರಡಿರಿ. ಆ ಬಳಿಕ ರಾಗಿ ಕೊಯ್ಲಾಗಿ ಹೊಲದಲ್ಲಿ ಕೂಳೆ ಮಾತ್ರ ಉಳಿದಿರುತ್ತದೆ. ಇಳಿಯುವುದು ಏರುವುದಕ್ಕಿಂತ ಮೊಣಕಾಲಿಗೆ ಕಷ್ಟವಾದುದು. ಬೆಟ್ಟದ ಮೇಲಿನಿಂದ ನಗರಕ್ಕೆ ಬಸ್ಸುಗಳಿವೆ, ವಯಸ್ಸಾದವರು ಅವನ್ನು ಹತ್ತುವುದಕ್ಕೆ ಸಂಕೋಚಪಡಬೇಕಾಗಿಲ್ಲ.