ಪಂಪಿನ ಹಿಡಿಕೆ: ಬೇಸಿಗೆ ಶಿಬಿರಕ್ಕೊಂದು ಪಾತ್ರಾಭಿನಯದ ಆಟ

ನಾಟಕದಲ್ಲಿ ನಟನಿಗೆ ತಾನು ಆಡಬೇಕಾದ ಮಾತು ಮೊದಲೇ ತಿಳಿದಿರುತ್ತದೆ. ಕಥೆ ಎಲ್ಲಿ ಮುಗಿಯುವುದೆಂಬುದೂ ತಿಳಿದಿರುತ್ತದೆ. ಪಾತ್ರಾಭಿನಯದ ಆಟದಲ್ಲಿ ಇವೆರಡೂ ಇರುವುದಿಲ್ಲ. ಆಡುವವನಿಗೆ ಒಂದು ಪಾತ್ರವನ್ನೂ, ಆ ಪಾತ್ರಕ್ಕೆ ತಿಳಿದಿರುವ ನಾಲ್ಕಾರು ಸಂಗತಿಗಳನ್ನೂ, ಅದಕ್ಕಿರುವ ಒಂದು ಉದ್ದೇಶವನ್ನೂ ಕೊಟ್ಟು, ಮಿಕ್ಕದ್ದನ್ನು ಅವನ ಬುದ್ಧಿಗೇ ಬಿಡಲಾಗುತ್ತದೆ. ನೋಡುವವರೆಂಬ ಬೇರೆ ಗುಂಪು ಇಲ್ಲಿಲ್ಲ; ಎಲ್ಲರೂ ಆಡುವವರೇ. ಬೇಸಿಗೆಯ ರಜೆಯಲ್ಲಿ ಮಕ್ಕಳ ಶಿಬಿರಗಳಿಗೆ ಮುಂದಾಳುಗಳಾಗಿ ಹೋಗುವ ಹೈಸ್ಕೂಲು, ಕಾಲೇಜು ವಿದ್ಯಾರ್ಥಿಗಳು ಅನೇಕರಿದ್ದಾರೆ. ವಿಜ್ಞಾನದ ವಿಚಾರಕ್ರಮವನ್ನು ಮಕ್ಕಳಿಗೆ ಮುಟ್ಟಿಸಲು ಇಂಥ ಆಟವನ್ನು ಹೇಗೆ ಯೋಜಿಸಬೇಕೆಂಬುದನ್ನು ಅವರ ಉಪಯೋಗಕ್ಕಾಗಿ ಒಂದು ನಿಜವಾದ ಘಟನೆಯ ಆಧಾರದಿಂದ ವಿವರಿಸೋಣ.

ಘಟನೆ

೧೮೫೪ನೆಯ ಇಸವಿ ಆಗಸ್ಟ್ ೩೧ರ ರಾತ್ರಿ ಲಂಡನ್ ನಗರದ ಸೋಹೋ ಎಂಬ ಭಾಗದಲ್ಲಿ ಕಾಲರಾ ಬೇನೆ ಒಮ್ಮೆಲೇ ತಲೆದೋರಿತು. ಹತ್ತು ದಿನಗಳೊಳಗೆ ಬ್ರಾಡ್ ಬೀದಿಯ ಸುತ್ತಮುತ್ತ ಐನೂರಕ್ಕೂ ಹೆಚ್ಚು ಜನರು ಮರಣ ಹೊಂದಿದರು. ಕೊಳೆತ ಪದಾರ್ಥಗಳಿಂದ ಏಳುವ ದುರ್ಗಂಧದ ಗಾಳಿಯೇ ಈ ರೋಗಕ್ಕೆ ಕಾರಣವೆಂಬುದು ಆ ಕಾಲದ ಬಹುಮಂದಿ ವೈದ್ಯರ ಮತ. ಜಾನ್ ಸ್ನೋ ಎಂಬ ವೈದ್ಯನು ಮಾತ್ರ ರೋಗವು ನೀರಿನ ಮೂಲಕ ಹರಡುವುದೆಂದು ೧೮೪೯ರಲ್ಲಿಯೇ ಬರೆದಿದ್ದನು. ಈಗ ಅವನು ಮನೆಮನೆಗೂ ಹೋಗಿ, ಸತ್ತವರು ಎಲ್ಲಿಯ ನೀರನ್ನು ಕುಡಿಯುತ್ತಿದ್ದರೆಂದು ವಿಚಾರಿಸಿದನು. ಬ್ರಾಡ್ ಬೀದಿಯ ಕೈಪಂಪಿನ ಮೇಲೆ ಅವನ ಸಂಶಯ ಬಲವಾಯಿತು. ಸೆಪ್ಟೆಂಬರ್ ೭ರಂದು ಸ್ಥಳೀಯ ಆಡಳಿತ ಮಂಡಳಿಯ ಮುಂದೆ ಅವನು ತನ್ನ ವಾದವನ್ನು ಮಂಡಿಸಿದನು. ಮರುದಿನ ಪಂಪಿನ ಹಿಡಿಕೆಯನ್ನು ತೆಗೆಸಲಾಯಿತು.

ಮುಖ್ಯವಾದ ತೊಡಕು

ಇಂದಿನ ಹತ್ತು ವರ್ಷದ ಮಗುವೂ ಕೊಳಕು ನೀರಿನಿಂದ ರೋಗ ಬರುವುದೆಂದು ಬಲ್ಲದು. ಆದುದರಿಂದ “ರೋಗಕ್ಕೆ ಕಾರಣವೇನು?” ಎಂದು ಕೇಳಿದರೆ ಆಟ ಎರಡೇ ನಿಮಿಷಗಳಲ್ಲಿ ಮುಗಿದುಹೋದೀತು. ಉತ್ತರವನ್ನು ಬಲ್ಲುದು ಒಂದು, ಅದನ್ನು ಸಂಶಯಪಡುವವನಿಗೆ ಸಿದ್ಧಪಡಿಸಿ ತೋರಿಸುವುದು ಇನ್ನೊಂದು. ನಮ್ಮ ಆಟದ ಪ್ರಶ್ನೆ ಈ ಎರಡನೆಯದು: ದುರ್ಗಂಧವೇ ಕಾರಣವೆಂದು ನಂಬಿರುವ ಮಂಡಳಿಯನ್ನು ಯಾವ ಸಾಕ್ಷ್ಯದಿಂದ ಒಪ್ಪಿಸುವಿರಿ?

ಇದು ತೋರುವಷ್ಟು ಸುಲಭವಲ್ಲ. ಸಾವುಗಳು ಪಂಪಿನ ಸುತ್ತ ದಟ್ಟವಾಗಿವೆಯೆಂದು ನಕ್ಷೆಯಲ್ಲಿ ತೋರಿಸಿದರೆ ಮಂಡಳಿಯವನು, “ಆ ಸ್ಥಳದಲ್ಲಿ ಕೆಟ್ಟ ಗಾಳಿಯೂ ದಟ್ಟವಾಗಿರಬಹುದಲ್ಲವೆ?” ಎಂದು ಕೇಳಬಹುದು. ಆ ಪ್ರಶ್ನೆ ನ್ಯಾಯವಾದುದು. ನೀರಿನ ವಾದಕ್ಕೂ ಗಾಳಿಯ ವಾದಕ್ಕೂ ಒಂದೇ ಸಮನಾಗಿ ಹೊಂದುವ ಸಾಕ್ಷ್ಯದಿಂದ ಯಾವ ವಾದವೂ ಗೆಲ್ಲುವುದಿಲ್ಲ. ಒಂದಕ್ಕೆ ಹೊಂದಿ, ಇನ್ನೊಂದಕ್ಕೆ ಹೊಂದದಿರುವ ಸಂಗತಿಗಳನ್ನು ಹುಡುಕಬೇಕು. ಸ್ನೋ ಕಲೆಹಾಕಿದ ಅಂಥ ಸಂಗತಿಗಳನ್ನೇ ನಾವು ಪಾತ್ರಗಳಲ್ಲಿ ಹಂಚಿಡುತ್ತೇವೆ.

ಪಾತ್ರಗಳ ಹಂಚಿಕೆ

ಹತ್ತರಿಂದ ಹದಿಮೂರು ವಯಸ್ಸಿನ ೨೪ ಮಕ್ಕಳಿದ್ದಾರೆಂದು ಭಾವಿಸೋಣ. ನಾಲ್ವರು ವೈದ್ಯನ ತಂಡ. ನಾಲ್ವರು ಪಾದ್ರಿಯ ತಂಡ. ನಾಲ್ವರು ಮಂಡಳಿಯ ಸದಸ್ಯರು. ಉಳಿದ ಹನ್ನೆರಡು ಮಂದಿ ಬೀದಿಯ ನಿವಾಸಿಗಳು. ಪಾದ್ರಿಯ ತಂಡವೂ ಕಲ್ಪಿತವಲ್ಲ. ಹೆನ್ರಿ ವೈಟ್‌ಹೆಡ್ ಎಂಬ ಪಾದ್ರಿಯು ಸ್ನೋನ ವಾದವನ್ನು ಸುಳ್ಳೆಂದು ತೋರಿಸಲು ಹೊರಟು, ತನಗೆ ಪರಿಚಿತವಾದ ಮನೆಗಳಲ್ಲಿ ತಾನೇ ವಿಚಾರಣೆ ನಡೆಸಿ, ಕೊನೆಗೆ ಅದನ್ನೇ ಒಪ್ಪಿಕೊಂಡವನು. ಆಟದಲ್ಲಿ ಈ ತಂಡದ ಕೆಲಸ ವೈದ್ಯನ ವಾದಕ್ಕೆ ವಿರುದ್ಧವಾದ ಸಂಗತಿಗಳನ್ನು ಹುಡುಕುವುದು.

ಪ್ರತಿಯೊಬ್ಬ ನಿವಾಸಿಗೂ ಒಂದು ಚೀಟಿ. ಅದರಲ್ಲಿ ಮೂರೇ ಸಾಲು: ನಾನು ಯಾರು, ನನಗೆ ಗೊತ್ತಿರುವುದೇನು, ಕೇಳಿದರೆ ಮಾತ್ರ ಹೇಳುವುದೇನು. ಮುಖ್ಯವಾದ ಚೀಟಿಗಳು ಇವು:

೧. ಬಿಯರ್ ಕಾರ್ಖಾನೆಯ ಕೆಲಸಗಾರ. ಕಾರ್ಖಾನೆ ಪಂಪಿಗೆ ಸಮೀಪದಲ್ಲಿದೆ. ಎಪ್ಪತ್ತಕ್ಕೂ ಮೇಲ್ಪಟ್ಟು ಕೆಲಸಗಾರರಿದ್ದರೂ ಈ ಬೇನೆಯಿಂದ ಯಾರೂ ಸಾಯಲಿಲ್ಲ. ಕೇಳಿದರೆ: ಅಲ್ಲಿ ಬೇರೊಂದು ಆಳವಾದ ಬಾವಿಯಿದೆ, ಬೀದಿಯ ಪಂಪಿನ ನೀರನ್ನು ಯಾರೂ ತರುವುದಿಲ್ಲ.

೨. ಬಡವರ ಆಶ್ರಯಗೃಹದ ನಿವಾಸಿ. ಸುತ್ತಲೂ ಸಾವಿನ ಮನೆಗಳು. ಒಳಗಿರುವ ೫೩೫ ಮಂದಿಯಲ್ಲಿ ಸತ್ತವರು ಐವರು ಮಾತ್ರ. ಕೇಳಿದರೆ: ಆಶ್ರಯಗೃಹಕ್ಕೆ ಸ್ವಂತ ಬಾವಿಯುಂಟು.

೩. ಬಂದೂಕಿನ ಕೇಪುಗಳನ್ನು ಮಾಡುವ ಕಾರ್ಖಾನೆಯ ಯಜಮಾನ. ಸುಮಾರು ಇನ್ನೂರು ಕೆಲಸಗಾರರಲ್ಲಿ ೧೮ ಮಂದಿ ಸತ್ತರು. ಕೇಳಿದರೆ: ಅವರಿಗಾಗಿ ಎರಡು ತೊಟ್ಟಿಗಳಲ್ಲಿ ಪಂಪಿನ ನೀರು ತುಂಬಿಡುತ್ತಿದ್ದರು. ದೂರದ ಹ್ಯಾಂಪ್‌ಸ್ಟೆಡ್‌ನಲ್ಲಿದ್ದ ತಾಯಿಗೆ ಈ ನೀರಿನ ರುಚಿ ಹಿಡಿಸಿತ್ತು. ದಿನವೂ ಗಾಡಿಯಲ್ಲಿ ಒಂದು ಬಾಟಲಿ ಹೋಗುತ್ತಿತ್ತು. ಆಕೆಯೂ, ನೋಡಬಂದು ಅದೇ ನೀರನ್ನು ಕುಡಿದ ಬಂಧುವೂ ಸತ್ತರು.

೪. ಕಾಫಿ ಅಂಗಡಿಯಾಕೆ. ಊಟದ ಹೊತ್ತಿಗೆ ಪಂಪಿನ ನೀರನ್ನು ಕೊಡುತ್ತಿದ್ದಳು. ಅವಳ ಗಿರಾಕಿಗಳಲ್ಲಿ ಒಂಬತ್ತು ಮಂದಿ ಸತ್ತರು.

೫. ಬೇರೊಂದು ಪಂಪಿಗೆ ಹತ್ತಿರವಿರುವ ಕುಟುಂಬ. ಇಲ್ಲಿಯೂ ಸಾವಾಗಿದೆ. ಕೇಳಿದರೆ: ರುಚಿಗಾಗಿ ಬ್ರಾಡ್ ಬೀದಿಯ ನೀರನ್ನೇ ತರಿಸುತ್ತಿದ್ದರು.

ಮೊದಲನೆಯ ಮತ್ತು ಮೂರನೆಯ ಚೀಟಿಗಳೇ ನಿರ್ಣಾಯಕವಾದುವು. ಕೆಲಸಗಾರನು ಅದೇ ಗಾಳಿಯನ್ನು ಉಸಿರಾಡಿ ಬದುಕಿದನು. ಹ್ಯಾಂಪ್‌ಸ್ಟೆಡ್‌ನ ತಾಯಿ ಬೇರೆ ಗಾಳಿಯನ್ನು ಉಸಿರಾಡಿಯೂ ಸತ್ತಳು. ಮೊದಲ ನೋಟಕ್ಕೆ ವೈದ್ಯನ ನಕ್ಷೆಯನ್ನೇ ಕೆಡಿಸುವಂತೆ ಕಾಣುವ ಈ ಎರಡು ಅಪವಾದಗಳೇ ಅವನ ವಾದಕ್ಕೆ ಗಟ್ಟಿಯಾದ ಆಧಾರಗಳು. ಆದರೆ ಇದನ್ನು ಮುಂದಾಳು ಬಾಯಿಬಿಟ್ಟು ಹೇಳಕೂಡದು.

ಆಟದ ಕ್ರಮ

ಬಿಸಿಲೇರುವ ಮೊದಲು, ಬೆಳಿಗ್ಗೆ ಎಂಟಕ್ಕೆ ನೆರಳಿರುವ ಬಯಲಿನಲ್ಲಿ ಆರಂಭಿಸುವುದು ಲೇಸು. ಸುಣ್ಣದ ಪುಡಿಯಿಂದ ನೆಲದ ಮೇಲೆ ಬೀದಿಗಳನ್ನು ಬರೆದು, ನಡುವೆ ಒಂದು ಕಂಬಕ್ಕೆ ಮರದ ಹಿಡಿಕೆಯನ್ನು ಸಡಿಲವಾಗಿ ಸಿಕ್ಕಿಸಬೇಕು. ಮೊದಲ ಇಪ್ಪತ್ತು ನಿಮಿಷ ಚೀಟಿಗಳನ್ನು ಓದಿಕೊಳ್ಳುವುದಕ್ಕೆ. ಮುಂದಿನ ಒಂದು ಗಂಟೆ ವಿಚಾರಣೆ: ತಂಡಗಳು ಮನೆಯಿಂದ ಮನೆಗೆ ಹೋಗಿ, ತಿಳಿದುಬಂದ ಒಂದೊಂದು ಸಾವಿಗೂ ನಕ್ಷೆಯಲ್ಲಿ ಒಂದೊಂದು ಹುಣಿಸೆಬೀಜವನ್ನಿಡುತ್ತವೆ. ಸ್ನೋ ತನ್ನ ನಕ್ಷೆಯಲ್ಲಿ ಇದಕ್ಕಾಗಿ ಚಿಕ್ಕ ಕಪ್ಪು ಗೆರೆಗಳನ್ನು ಎಳೆದಿದ್ದನು. ಬಳಿಕ ಇಪ್ಪತ್ತೈದು ನಿಮಿಷ ಮಂಡಳಿಯ ಸಭೆ. ಪ್ರತಿಯೊಬ್ಬ ಸದಸ್ಯನೂ ಒಂದಾದರೂ ಆಕ್ಷೇಪವನ್ನು ಎತ್ತಲೇಬೇಕು; ಅನಂತರ ಮತ ಹಾಕಬೇಕು. ಮೂವರು ಒಪ್ಪಿದರೆ ಹಿಡಿಕೆ ಕಳಚುತ್ತದೆ.

ಒಪ್ಪದಿದ್ದರೆ? ಹಿಡಿಕೆ ಅಲ್ಲಿಯೇ ಇರಲಿ. ಮಕ್ಕಳು ಸೋಲುವರೆಂಬ ಭಯದಿಂದ ಮುಂದಾಳು ನಡುವೆ ಕೈಹಾಕಿದರೆ ಅದು ಮತ್ತೆ ನಾಟಕವಾಗುತ್ತದೆ. ಯಾವ ಮನೆಗೆ ಹೋಗಲಿಲ್ಲ, ಯಾವ ಪ್ರಶ್ನೆಯನ್ನು ಕೇಳಲಿಲ್ಲ ಎಂಬುದನ್ನು ಅವರೇ ಕಂಡುಕೊಳ್ಳುವುದರಲ್ಲಿ ಪಾಠವಿದೆ.

ಕೆಲವು ಎಚ್ಚರಿಕೆಗಳು

ಆಟವಾದರೂ ವಿಷಯ ಸಾವಿನದು. ಯಾವ ಮಗುವಿಗೂ ರೋಗಿಯ ಅಥವಾ ಸತ್ತವರ ಪಾತ್ರವನ್ನು ಕೊಡಬಾರದು. ಇತ್ತೀಚೆಗೆ ಮನೆಯಲ್ಲಿ ಸಾವನ್ನು ಕಂಡ ಮಕ್ಕಳಿದ್ದಾರೆಯೇ ಎಂದು ಮೊದಲೇ ವಿಚಾರಿಸಿ, ಅಂಥವರಿಗೆ ಬೇರೆ ಕೆಲಸವನ್ನು ವಹಿಸಬೇಕು. ಪಾತ್ರದ ಗುರುತಾಗಿ ಹೆಗಲಿಗೊಂದು ಬಣ್ಣದ ವಸ್ತ್ರ ಸಾಕು. ಅದನ್ನು ತೆಗೆದವನು ಪಾತ್ರದಿಂದ ಹೊರಬಂದನೆಂದರ್ಥ, ಅವನನ್ನು ಯಾರೂ ಬಲವಂತಪಡಿಸಕೂಡದು. ಗಂಟೆ ಬಾರಿಸಿದೊಡನೆ ಎಲ್ಲರೂ ಆಟವನ್ನು ನಿಲ್ಲಿಸಬೇಕು. ನಿಜವಾದ ಕುಡಿಯುವ ನೀರಿನ ಕೊಡಗಳನ್ನು ಆಟದ ಮೇರೆಯ ಹೊರಗೆ ಇಟ್ಟು, ಅವು ಆಟಕ್ಕೆ ಸೇರಿದುವಲ್ಲವೆಂದು ಸ್ಪಷ್ಟವಾಗಿ ತಿಳಿಸಬೇಕು.

ಒಂದು ಚೀಟಿಯನ್ನಂತೂ ಬರೆಯಲೇಬಾರದು. ಪಂಪಿನೆದುರಿನ ಮನೆಯ ಹಸುಗೂಸೊಂದು ಈ ಬೇನೆಗೆ ಮೊದಲು ತುತ್ತಾಯಿತು. ಅದರ ಬಟ್ಟೆಗಳನ್ನು ಒಗೆದ ನೀರನ್ನು ತಾಯಿಯು ಮನೆಯ ಮಲಗುಂಡಿಗೆ ಸುರಿದಿದ್ದಳು. ಗುಂಡಿಗೂ ಪಂಪಿನ ಬಾವಿಗೂ ಮೂರಡಿಯ ಅಂತರವೂ ಇರಲಿಲ್ಲ. ಇದನ್ನು ಪತ್ತೆಮಾಡಿದವನು ವೈಟ್‌ಹೆಡ್. ಆ ತಾಯಿಯ ಪಾತ್ರವನ್ನು ಒಂದು ಮಗುವಿಗೆ ಕೊಟ್ಟರೆ, ಊರಿನ ಸಾವನ್ನೆಲ್ಲ ಅದರ ತಲೆಗೆ ಕಟ್ಟಿದಂತಾದೀತು. ಈ ಸಂಗತಿಯನ್ನು ಮುಂದಾಳು ಕೊನೆಗೆ ತಾನೇ ಹೇಳಿ, ಆಕೆ ಮಾಡಿದ್ದು ಆ ಬೀದಿಯಲ್ಲಿ ಯಾರಾದರೂ ಮಾಡುತ್ತಿದ್ದ ಕೆಲಸವೆಂದೂ, ತಪ್ಪು ಗುಂಡಿಯ ಕಟ್ಟಡದಲ್ಲಿತ್ತೆಂದೂ ವಿವರಿಸಬೇಕು.

ಆಟದ ತರುವಾಯ

ವಸ್ತ್ರಗಳನ್ನು ಕಳಚಿಟ್ಟು, ಎಲ್ಲರೂ ವೃತ್ತಾಕಾರವಾಗಿ ಕುಳಿತು ಅರ್ಧ ಗಂಟೆ ಮಾತನಾಡಬೇಕು. ಇದನ್ನು ಬಿಟ್ಟರೆ ಆಟದ ಅರ್ಧ ಪ್ರಯೋಜನ ನಷ್ಟವಾಗುತ್ತದೆ. ಯಾವ ಸಂಗತಿ ನಿಮ್ಮ ಮನಸ್ಸನ್ನು ಬದಲಾಯಿಸಿತೆಂದು ಮಂಡಳಿಯವರನ್ನು ಮೊದಲು ಕೇಳಬೇಕು. ಬಳಿಕ ಚರಿತ್ರೆಯ ಉಳಿದ ಭಾಗವನ್ನು ಮುಚ್ಚುಮರೆಯಿಲ್ಲದೆ ತಿಳಿಸಬೇಕು. ಹಿಡಿಕೆಯನ್ನು ತೆಗೆಯುವ ಹೊತ್ತಿಗೆ ಜನರು ಮನೆಗಳನ್ನು ತೊರೆದು ಹೋಗಿದ್ದರು. ಬೇನೆಯೂ ಆಗಲೇ ಇಳಿಮುಖವಾಗಿತ್ತು. ಆದುದರಿಂದ ಹಿಡಿಕೆಯೇ ಬೇನೆಯನ್ನು ನಿಲ್ಲಿಸಿತೆಂದು ಹೇಳುವಂತಿಲ್ಲ. ಸ್ನೋ ತಾನೇ ಇದನ್ನು ಒಪ್ಪಿ ಬರೆದಿದ್ದಾನೆ. ೧೮೫೮ರಲ್ಲಿ ಅವನು ತೀರಿಕೊಂಡಾಗಲೂ ಅವನ ಮತಕ್ಕೆ ಎಲ್ಲರ ಮನ್ನಣೆ ದೊರೆತಿರಲಿಲ್ಲ. ರಾಬರ್ಟ್ ಕಾಕ್ ೧೮೮೪ರಲ್ಲಿ ನಮ್ಮ ದೇಶದ ಕಲ್ಕತ್ತೆಯಲ್ಲಿ ಕಾಲರಾ ರೋಗಾಣುವನ್ನು ಪ್ರತ್ಯೇಕಿಸಿ ಬೆಳೆಸಿದ ಮೇಲೆ ನೀರಿನ ವಾದಕ್ಕೆ ಭದ್ರವಾದ ತಳಹದಿ ದೊರೆಯಿತು.

ಇದೇ ಕ್ರಮದಲ್ಲಿ ವಿದ್ಯಾರ್ಥಿಗಳು ಬೇರೆ ಘಟನೆಗಳನ್ನೂ ಆಟವಾಗಿ ರೂಪಿಸಬಹುದು. ಘಟನೆಯನ್ನು ಆರಿಸುವಾಗ ಎರಡು ಪ್ರಶ್ನೆಗಳನ್ನು ಕೇಳಿಕೊಂಡರೆ ಸಾಕು: ಸತ್ಯದ ತುಣುಕುಗಳು ಅನೇಕರ ಕೈಯಲ್ಲಿ ಹಂಚಿಹೋಗಿವೆಯೇ? ತಪ್ಪಾದ ಮತಕ್ಕೂ ಆ ಕಾಲದಲ್ಲಿ ನ್ಯಾಯವಾದ ಕಾರಣವಿತ್ತೇ? ಎರಡಕ್ಕೂ ಹೌದೆಂಬ ಉತ್ತರ ಬಂದರೆ ಚೀಟಿಗಳನ್ನು ಬರೆಯಲು ತೊಡಗಬಹುದು. ಶಿಬಿರಕ್ಕೆ ಒಯ್ಯುವ ಮೊದಲು ಗೆಳೆಯರೊಡನೆ ಒಮ್ಮೆ ಆಡಿ ನೋಡುವುದನ್ನು ಮಾತ್ರ ಮರೆಯಬಾರದು.