ಹಾಲು ಸುರಿಯುವ ಹೆಂಗಸು: ಒಂದು ಚಿತ್ರಪಾಠ

ಇದೇ ಶಾಲೆಯಲ್ಲಿ ಅಕ್ಷರ ಕಲಿತು, ಮುಂದೆ ಚಿತ್ರಕಲೆಯ ಅಧ್ಯಾಪಕನಾಗಿ ದುಡಿದವನು ನಾನು. ಈ ಸುವರ್ಣ ಮಹೋತ್ಸವ ಸಂಚಿಕೆಯಲ್ಲಿ ನನ್ನ ತರಗತಿಯ ಒಂದು ಪಾಠವನ್ನೇ ವಾಚಕರ ಮುಂದಿಡುತ್ತೇನೆ.

'ನಿಮಗೆ ಇಷ್ಟವಾದ ಚಿತ್ರ ಬರೆಯಿರಿ' ಎಂದಾಗಲೆಲ್ಲ ಮಕ್ಕಳು ಎರಡು ಗುಡ್ಡ, ನಡುವೆ ಸೂರ್ಯ, ಪಕ್ಕಕ್ಕೊಂದು ಗುಡಿ ಬರೆಯುತ್ತಿದ್ದರು. ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುವ ತಾಯಿಯನ್ನು ಯಾರೂ ಬರೆಯುತ್ತಿರಲಿಲ್ಲ. ಕೇಳಿದರೆ, 'ಅದೂ ಒಂದು ಚಿತ್ರವೇನ್ರಿ ಸರ್?' ಎನ್ನುತ್ತಿದ್ದರು. ಅದಕ್ಕೆ ಉತ್ತರವಾಗಿ ನಾನು ಹಾಲೆಂಡಿನ ಒಂದು ಚಿತ್ರದ ಅಚ್ಚಿನ ಪ್ರತಿಯನ್ನು ತೋರಿಸುತ್ತಿದ್ದೆ.

ಡೆಲ್ಫ್ಟ್ ಪಟ್ಟಣದ ಯೊಹಾನೆಸ್ ವರ್ಮೀರ್ (1632–1675) ಸುಮಾರು 1660ರಲ್ಲಿ ಬರೆದ ಈ ಚಿತ್ರ 1908ರಿಂದ ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಂನಲ್ಲಿದೆ. ಎತ್ತರ 45.5 ಸೆಂ.ಮೀ., ಅಗಲ 41 ಸೆಂ.ಮೀ. ಮಾತ್ರ. ಆ ನಾಡಿನ ಪ್ರೊಟೆಸ್ಟಂಟ್ ಚರ್ಚುಗಳು ದೇವರ ಚಿತ್ರಗಳನ್ನು ಬರೆಯಿಸುವುದನ್ನು ನಿಲ್ಲಿಸಿದ್ದವು. ಚಿತ್ರಗಳನ್ನು ಕೊಳ್ಳುವವರು ಬಹುಮಟ್ಟಿಗೆ ವರ್ತಕರು ಮತ್ತು ಗೃಹಸ್ಥರಾದರು. ಅವರ ಗೋಡೆಗಳಿಗೆ ಒಪ್ಪುವ ಸಣ್ಣ ಚಿತ್ರಗಳಲ್ಲಿ ಮನೆವಾರ್ತೆಯೇ ವಸ್ತುವಾಯಿತು.

ಮೊದಲು ಬೆಳಕು ಎಲ್ಲಿಂದ ಬರುತ್ತದೆಂದು ನೋಡಬೇಕು. ಎಡಗಡೆಯ ಕಿಟಕಿಯಿಂದ, ಅದರ ಒಂದು ಗಾಜು ಒಡೆದಿದೆ. ಗೋಡೆಯಲ್ಲಿ ಮೊಳೆಯ ತೂತುಗಳಿವೆ. ಮೇಜಿನ ಮೇಲೆ ಬುಟ್ಟಿ, ಮುರಿದ ರೊಟ್ಟಿಯ ತುಣುಕುಗಳು. ಮನೆಗೆಲಸದ ಹೆಂಗಸೊಬ್ಬಳು ತಲೆ ಬಾಗಿಸಿ ಹಾಲು ಸುರಿಯುತ್ತಿದ್ದಾಳೆ. ಹಾಲಿನ ಧಾರೆ ದಾರದಷ್ಟು ಸಣ್ಣದು. ಹಾಲಿನಲ್ಲಿ ಒಣರೊಟ್ಟಿ ನೆನೆಸಿ ತಿನಿಸು ಮಾಡುತ್ತಿದ್ದಾಳೆಂದು ಕೆಲವು ವಿದ್ವಾಂಸರು ಊಹಿಸುತ್ತಾರೆ. ಖಡಕ್ ರೊಟ್ಟಿಯನ್ನು ಹಾಲಿನಲ್ಲಿ ಮುರಿದು ಉಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎರಡು ಸಂಗತಿಗಳು ಗಮನಾರ್ಹವಾಗಿವೆ. ವಸ್ತುಸಂಗ್ರಹಾಲಯದ ತಜ್ಞರು 2022ರಲ್ಲಿ ತಿಳಿಸಿದಂತೆ, ಹೂಜಿಗಳನ್ನು ತೂಗುಹಾಕುವ ಒಂದು ಹಲಗೆಯನ್ನು ವರ್ಮೀರ್ ಆಕೆಯ ಹಿಂದೆ ಮೊದಲು ಬರೆದು ಬಳಿಕ ಬಣ್ಣ ಬಳಿದು ಮುಚ್ಚಿದ್ದಾನೆ. ಗೋಡೆ ಬರಿದಾದುದರಿಂದ ನಮ್ಮ ಕಣ್ಣು ಆಕೆಯ ಕೈಯ ಮೇಲೆಯೇ ನಿಲ್ಲುತ್ತದೆ. ಎರಡನೆಯದು, ಮುಂಗಟ್ಟುಬಟ್ಟೆಯ ನೀಲಿ. ಅಫಘಾನಿಸ್ತಾನದ ಲಾಜವರ್ದ ಕಲ್ಲನ್ನು ಅರೆದು ಮಾಡಿದ ಆ ಬಣ್ಣ ಬಹು ದುಬಾರಿಯಾದದ್ದು. ಹಿಂದಿನ ಚಿತ್ರಕಾರರು ಅದನ್ನು ಮಾತೆ ಮೇರಿಯ ನಿಲುವಂಗಿಗೆ ಬಳಸುತ್ತಿದ್ದರು. ವರ್ಮೀರ್ ಅದನ್ನು ಕೆಲಸದವಳ ಬಟ್ಟೆಗೆ ಬಳಸಿದ. ದುಡಿಮೆಗೆ ಇದಕ್ಕಿಂತ ದೊಡ್ಡ ಗೌರವ ಯಾವುದು?

ನಮ್ಮಲ್ಲೂ ಇಂಥ ನೋಟವುಂಟು. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿರುವ ದೀಪ ಹಿಡಿದ ಹೆಣ್ಣಿನ ಚಿತ್ರವನ್ನು ಪ್ರವಾಸ ಹೋದವರು ಮರೆಯಲಾರರು. ಅನೇಕರು ಅದನ್ನು ರವಿವರ್ಮನದೆಂದು ತಿಳಿದಿದ್ದಾರೆ. ವಾಸ್ತವವಾಗಿ 1940ರ ದಶಕದಲ್ಲಿ ಎಸ್. ಎಲ್. ಹಳದಣಕರ್ ಜಲವರ್ಣದಲ್ಲಿ ಬರೆದದ್ದು. ಮಾದರಿಯಾಗಿ ನಿಂತವರು ಅವರ ಮಗಳು ಗೀತಾ. ದೀಪಕ್ಕೆ ಅಡ್ಡವಾಗಿ ಹಿಡಿದ ಬೆರಳುಗಳ ನಡುವೆ ಬೆಳಕು ಕೆಂಪಾಗಿ ಹೊಳೆಯುತ್ತದೆ.

ನಮ್ಮ ಸೀಮೆಯ ಕನ್ನಡವೂ ಹೀಗೆಯೇ ಕೈಯ ಮರೆಯಲ್ಲಿ ಉಳಿದ ದೀಪ. 1956ರ ನವೆಂಬರ್ 1ರಂದು ಬೀದರ ಜಿಲ್ಲೆಯ ಜಹೀರಾಬಾದ, ನಾರಾಯಣಖೇಡ ಪ್ರದೇಶಗಳೂ ಕಲಬುರ್ಗಿ ಜಿಲ್ಲೆಯ ತಾಂಡೂರೂ ಆಂಧ್ರಪ್ರದೇಶಕ್ಕೆ ಸೇರಿದವು, 2014ರಿಂದ ತೆಲಂಗಾಣದಲ್ಲಿವೆ. ಕಚೇರಿಯ ಕಾಗದ ತೆಲುಗಾಯಿತು. ಪೇಟೆಯಲ್ಲಿ ತೆಲುಗು, ಉರ್ದು ನಡೆದವು. ಕನ್ನಡ ಉಳಿದದ್ದು ನಮ್ಮ ಶಾಲೆಯಂಥ ಕಡೆಗಳಲ್ಲಿ, ಅದಕ್ಕೂ ಹೆಚ್ಚಾಗಿ ತಾಯಂದಿರ ಅಡುಗೆಮನೆಗಳಲ್ಲಿ. ಬೀಸುಕಲ್ಲು, ಮೊರ, ಹಂಚು, ನೆಲವು, ಗಡಿಗೆ ಎಂಬ ಮಾತುಗಳನ್ನು ನಾವು ಪುಸ್ತಕದಿಂದ ಕಲಿಯಲಿಲ್ಲ. ನನ್ನ ಮೊಮ್ಮಗನಿಗೆ ಇಂದು ನೆಲವು ಎಂದರೆ ತಿಳಿಯದು.

ಇಷ್ಟನ್ನೆಲ್ಲ ಪಾಠ ಹೇಳಿದ ನನ್ನ ಬಳಿ ನನ್ನ ತಾಯಿಯ ಫೋಟೋ ಒಂದೇ ಇದೆ. ಯಾರದೋ ಮದುವೆಯಲ್ಲಿ ಹೊಸ ಸೀರೆಯುಟ್ಟು ಬಿಗಿಯಾಗಿ ನಿಂತದ್ದು. ಅದು ನಾನು ಕಂಡ ಅವ್ವನಲ್ಲ. ತಾಂಡೂರು ಕಲ್ಲಿನ ನೆಲದ ಮೇಲೆ ಕುಳಿತು ಆಕೆ ರೊಟ್ಟಿ ಬಡಿಯುವುದನ್ನು ಒಮ್ಮೆಯೂ ನಾನು ಬರೆದುಕೊಳ್ಳಲಿಲ್ಲ. ಕುಂಚ ಕೈಯಲ್ಲಿತ್ತು, ಅವ್ವ ಎದುರಿಗಿದ್ದಳು, ನೋಡುವ ಕಣ್ಣಿರಲಿಲ್ಲ.

ಆದ್ದರಿಂದ ಹಳೆಯ ವಿದ್ಯಾರ್ಥಿ ಬಂಧುಗಳಲ್ಲಿ ನನ್ನ ವಿನಂತಿ ಇಷ್ಟೇ. ಈ ಸಂಚಿಕೆಯನ್ನು ಮುಚ್ಚಿಟ್ಟ ಮೇಲೆ ಮನೆಯ ಹಿರಿಯರ ಬಳಿ ಒಂದು ಗಳಿಗೆ ಕುಳಿತುಕೊಳ್ಳಿರಿ. ಅವರ ಕೈ ಮಾಡುವ ಒಂದು ಕೆಲಸವನ್ನು ಕಣ್ತುಂಬ ನೋಡಿರಿ. ಅದರ ಸಾಮಾನುಗಳ ಹೆಸರನ್ನು ಅವರ ಬಾಯಿಂದಲೇ ಕೇಳಿ, ಕನ್ನಡದಲ್ಲಿ ಬರೆದಿಡಿರಿ. ಮಕ್ಕಳಿದ್ದರೆ ಅವರಿಂದ ಚಿತ್ರ ಬರೆಯಿಸಿರಿ. ನಾನು ಮಾಡದೆ ಬಿಟ್ಟ ಮನೆಪಾಠವನ್ನು ನೀವಾದರೂ ಪೂರ್ತಿ ಮಾಡಿರಿ.