ಪಾಕಕ್ಕೂ ಮುಂಚೆ ನೀರು, ನೀರಿಗೂ ಮುಂಚೆ ಕಲೆ

ಬಟ್ಟೆ ಒಗೆಯುವ ರಸ, ಪುಡಿ, ಸೋಪುಗಳನ್ನು ಮನೆಯಲ್ಲೇ ಮಾಡಿಕೊಳ್ಳಲು ಹೊರಟವರು ಸೋಲುವುದು ಪಾಕದಲ್ಲಲ್ಲ, ನೀರು ಮತ್ತು ಕಲೆಯನ್ನು ಗುರುತಿಸುವುದರಲ್ಲಿ. ಅಡಿಕೆ ಸೀಮೆ ಚನ್ನಗಿರಿಯ ಕಲೆ ಬೇರೆ, ಬಯಲುಸೀಮೆ ಜಗಳೂರಿನ ನೀರು ಬೇರೆ. ಎರಡಕ್ಕೂ ಒಂದೇ ಮದ್ದು ಅರೆದರೆ ಬಟ್ಟೆ ಕೆಟ್ಟಿತೆಂದೇ ಲೆಕ್ಕ.

1. ಕೊಳವೆಬಾವಿ ನೀರನ್ನು ಬಾಟಲಿಗೆ ತುಂಬಿ, ಚೂರು ಸೋಪು ತುರಿದು ಹಾಕಿ ಕುಲುಕಿ. ನೊರೆ ಏಳದೆ ಬಿಳಿ ಗಸಿ ತೇಲಿದರೆ ಅದು ಗಡಸು ನೀರು. ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಜೊತೆ ಸೇರಿ ಬಟ್ಟೆಗೆ ಮೆತ್ತುತ್ತವೆ. ಜಗಳೂರಿನಂಥ ಬಯಲುಸೀಮೆಯಲ್ಲಿ ಇಂಥ ನೀರೇ ಗತಿಯಾದರೆ ಸೋಪು ಬಿಡಿ, ಅಂಟುವಾಳ ಹಿಡಿಯಿರಿ. ಅದರ ನೊರೆ ಕೊಡುವ ಸಪೋನಿನ್ ಗಸಿ ಕಟ್ಟುವುದಿಲ್ಲ.

2. ಬೀಜ ತೆಗೆದ ಅಂಟುವಾಳದ ಸಿಪ್ಪೆ 50 ಗ್ರಾಂ, ನೀರು 1 ಲೀಟರ್. ರಾತ್ರಿ ನೆನೆಹಾಕಿ, ಬೆಳಿಗ್ಗೆ ಸಣ್ಣ ಉರಿಯಲ್ಲಿ ಕಾಲು ಗಂಟೆ ಕುದಿಸಿ, ಆರಿದ ಮೇಲೆ ಕಿವುಚಿ ಸೋಸಿ. ಒಂದು ಬಕೆಟ್ ಬಟ್ಟೆಗೆ ಒಂದು ಲೋಟ ಸಾಕು. ಕಣ್ಣಿಗೆ ಸಿಡಿದರೆ ಉರಿ ತಡೆಯಲಾಗದು. ರಸ ಎರಡು ಮೂರು ದಿನಕ್ಕೆ ಹುಳಿ ನಾರುತ್ತದೆ. ದಾಸ್ತಾನು ಬೇಕಿದ್ದರೆ ಸಿಪ್ಪೆಯನ್ನೇ ಒಣಗಿಸಿ ಪುಡಿ ಮಾಡಿಡಿ.

3. ನೊರೆ ಕಡಿಮೆ ಎಂದು ಇನ್ನೊಂದು ಲೋಟ ಸುರಿಯಬೇಡಿ. ಕೊಳೆ ಬಿಡಿಸಲು ಬೆಟ್ಟದಷ್ಟು ನೊರೆ ಬೇಕಿಲ್ಲ.

4. ಚನ್ನಗಿರಿಯವರ ದೊಡ್ಡ ಶತ್ರು ಅಡಿಕೆಯ ಚೊಗರು. ಎಲೆಯಡಿಕೆಗೆ ಸುಣ್ಣ ತಾಗಿದೊಡನೆ ಬಾಯಿ ಕೆಂಪಾಗುತ್ತದಲ್ಲ, ಬಟ್ಟೆಯ ಮೇಲೂ ಅದೇ ಆಟ. ಸೋಡಾ, ಬೂದಿನೀರು, ಕ್ಷಾರದ ಸೋಪು ಯಾವುದು ತಾಗಿದರೂ ಕಲೆ ಇನ್ನಷ್ಟು ಗಾಢವಾಗುತ್ತದೆ. ತುಕ್ಕು ಹಿಡಿದ ಬಕೆಟ್ಟಿನಲ್ಲಿ ನೆನೆಸಿದಿರೋ, ಕಬ್ಬಿಣ ಸೇರಿ ಕಪ್ಪೇ ಆಗುತ್ತದೆ. ಹಳೆಯ ಕಾಲದ ಮಸಿ ತಯಾರಾದದ್ದೂ ಒಗರು ಮತ್ತು ಕಬ್ಬಿಣದಿಂದಲೇ. ಹಸಿ ಕಲೆಯನ್ನು ತಣ್ಣೀರಲ್ಲಿ ಉಜ್ಜಿ, ನಿಂಬೆರಸ ಹಚ್ಚಿ ಅರ್ಧ ಗಂಟೆ ಬಿಟ್ಟು, ಆಮೇಲೆ ಅಂಟುವಾಳ. ಒಣಗಿ ಹಳತಾದ ಚೊಗರು ಪೂರ್ತಿ ಹೋಗುತ್ತದೆಂದು ನಾನು ಹೇಳಲಾರೆ. ಅಡಿಕೆ ಸುಲಿಯುವ ಕೆಲಸಕ್ಕೆ ಒಂದು ಹಳೆಯ ಅಂಗಿ ಮೀಸಲಿಡುವವರೇ ಜಾಣರು.

5. ಬೂದಿನೀರಿಗೆ ಕಟ್ಟಿಗೆಯ ಬೂದಿಯೇ ಬೇಕು. ಹೊನ್ನಾಳಿ ಕಡೆ ಸುಲಭವಾಗಿ ಸಿಗುವ ಭತ್ತದ ಹೊಟ್ಟಿನ ಬೂದಿ ಬಹುಪಾಲು ಸಿಲಿಕಾ. ಪಾತ್ರೆ ಬೆಳಗಲು ಸರಿ, ಬಟ್ಟೆಗೆ ದಂಡ. ಭತ್ತದ ಸೀಮೆಯವರು ಬೂದಿ ಬಿಟ್ಟು, ಒಗೆದ ಮೇಲೆ ಹಾಕುವ ಗಂಜಿ ನಂಬಲಿ: ತೆಳುವಾಗಿ ಸೋಸಿ, ಹತ್ತಿ ಸೀರೆ ಅದ್ದಿ, ಅಂದೇ ಬಿಸಿಲಲ್ಲಿ ಒಣಗಿಸಿದರೆ ಬೂಷ್ಟು ಬಾರದು.

6. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪಕ್ಕೆ ಸಂತ ಸೇವಾಲಾಲರ ಜಯಂತಿಗೆ ಬರುವ ಲಂಬಾಣಿ ಹೆಣ್ಣುಮಕ್ಕಳ ಕಸೂತಿ ನೋಡಿದ್ದೀರಲ್ಲ. ಆ ಕನ್ನಡಿ, ಆ ಬಣ್ಣದ ದಾರಕ್ಕೆ ಸೋಡಾ ತಾಗಿಸಬೇಡಿ. ಮೊದಲು ಒದ್ದೆ ಬಿಳಿ ಬಟ್ಟೆಯಿಂದ ಒಂದು ಮೂಲೆ ಒತ್ತಿ ಬಣ್ಣ ಬಿಡುತ್ತದೆಯೇ ನೋಡಿ. ಬಿಡದಿದ್ದರೆ ತಣ್ಣನೆಯ ಅಂಟುವಾಳದ ನೀರಲ್ಲಿ ಅದ್ದಿ, ಹಿಂಡದೆ ನೆರಳಲ್ಲಿ ಹರವಿ. ಉಣ್ಣೆ, ರೇಷ್ಮೆಗೂ ಇದೇ ಉಪಚಾರ.

7. ಅಡುಗೆ ಸೋಡಾ ಮತ್ತು ನಿಂಬೆ ಒಟ್ಟಿಗೆ ಬೆರೆಸಿ ಬುಸುಗುಟ್ಟುವುದನ್ನು ಕಂಡು ಮರುಳಾಗಬೇಡಿ. ಎರಡೂ ಒಂದನ್ನೊಂದು ಕೊಂದುಕೊಂಡವು, ಅಷ್ಟೇ.

8. ಸೀಗೆಕಾಯಿ ಬಿಳಿ ಪಂಚೆಗೆ ಕಂದು ಛಾಯೆ ಕೊಡುತ್ತದೆ. ತಲೆಗೇ ಇರಲಿ.

9. ಮೆದು ನೀರಿರುವವರು ಸೋಪು ಮಾಡುವುದಾದರೆ 500 ಗ್ರಾಂ ಕೊಬ್ಬರಿ ಎಣ್ಣೆಗೆ 88 ಗ್ರಾಂ ಕಾಸ್ಟಿಕ್ ಸೋಡಾ, 190 ಗ್ರಾಂ ನೀರು, ಎಲ್ಲವನ್ನೂ ತೂಗಿಯೇ. ಸೋಡಾವನ್ನು ನೀರಿಗೆ ಹಾಕಬೇಕು. ಸೋಡಾದ ಮೇಲೆ ನೀರು ಸುರಿದರೆ ಮುಖಕ್ಕೆ ಸಿಡಿಯುತ್ತದೆ. ಅಲ್ಯೂಮಿನಿಯಂ ಪಾತ್ರೆ ಬೇಡವೇ ಬೇಡ. ಕೈಗವಸು, ಕನ್ನಡಕ ಹಾಕಿ, ಮಕ್ಕಳಿಲ್ಲದ ಬಯಲಲ್ಲಿ ಮಾಡಿ. ಆ ಸೋಡಾ ನೀರನ್ನು ಎಣ್ಣೆಗೆ ಬೆರೆಸಿ ಗಟ್ಟಿಯಾದ ಸೋಪು ನಾಲ್ಕು ವಾರ ಒಣಗಲಿ.

10. ಒಗೆದ ನೀರನ್ನು ಸೂಳೆಕೆರೆಗಾಗಲಿ, ಊರ ಹಳ್ಳಕ್ಕಾಗಲಿ ಬಿಡಬೇಡಿ. ನೈಸರ್ಗಿಕ ಎಂದ ಮಾತ್ರಕ್ಕೆ ಸಾಧುವಲ್ಲ: ಅಂಟುವಾಳದ ಸಪೋನಿನ್ ಮೀನಿನ ಕಿವಿರಿಗೆ ವಿಷ. ಹಿತ್ತಲಿನ ಮಣ್ಣಿಗೆ ಚೆಲ್ಲಿ, ಅಲ್ಲೇ ಇಂಗಲಿ.